ಬಣ್ಣದ ಬಂಡೆಯಿಂದ ಹಿಮದ ತುದಿಗೆ

ಶೇಖರಣ್ಣ, ಆ ದಿನ ನಾನು ಬಂಡೆಯವರೆಗೆ ಹೋಗಲೇ ಇಲ್ಲ. ಅಳತೆ ಸುಳ್ಳು — ಬರೆದವನು ನಾನು.

ಕುಷ್ಟಗಿ ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿದ್ದವನನ್ನು ಹಿಮಾಲಯದ ಸರ್ವೆ ತಂಡಕ್ಕೆ ಸೇರಿಸಿದವರು ನೀವೇ. ಹೇಸರಗತ್ತೆಯವರ ಜೊತೆ ಬಾಡಿಗೆ ಕುದುರಿಸಲು ನನ್ನಂಥ ಬಾಯಿ ಬೇಕು ಎಂದಿರಿ. ನೀವು ಡೇರೆಯಲ್ಲಿ ಕೂತು ಉಪಗ್ರಹದ ಹಳೆಯ ಚಿತ್ರ, ಹೊಸ ಚಿತ್ರ — ಎರಡರ ಮೇಲೂ ತೆಳು ಕಾಗದವಿಟ್ಟು ಹಿಮನದಿಯ ಅಂಚಿಗೆ ಗೆರೆ ಎಳೆಯುತ್ತಿದ್ದಿರಿ. ಏಳೆಂಟು ವರ್ಷದಲ್ಲಿ ಅಂಚು ಬಹಳ ಮೇಲಕ್ಕೆ ಸರಿದಿತ್ತು.

"ಚಳಿಗಾಲದಾಗ ಹಿಮ ಕಡಿಮಿ ಬೀಳಾಕತ್ತೈತಿ, ಬ್ಯಾಸಗಿ ಲಗೂ ಬರಾಕತ್ತೈತಿ. ಕೂಡೂದಕ್ಕಿಂತ ಕರಗೂದ ಜಾಸ್ತಿ ನೋಡು" ಎಂದು ನನಗೂ ತಿಳಿಹೇಳಿದಿರಿ. ಸ್ಥಳದ ಅಳತೆಯೊಂದು ತಾಳೆಯಾದರೆ ಸಾಕಿತ್ತು.

ಅಳೆಯುವವನಿಗೆ ಜ್ವರ. ಹಿಂದೆ ಬಣ್ಣ ಬಳಿದಿಟ್ಟ ಬಂಡೆಯಿಂದ ಹಿಮದ ತುದಿಗೆ ಟೇಪು ಹಿಡಿದು ಬಾ ಎಂದು ತಂಡದ ಸಾಹೇಬರು ನನ್ನನ್ನು ಕಳಿಸಿದರು. ದಾರಿಯಲ್ಲಿ ಹಳ್ಳ ಉಕ್ಕಿತ್ತು. ಹೆದರಿದೆ. ದಡದಲ್ಲೇ ಕೂತು, ಬಣ್ಣ ಬಳಿದಾಗ ಅಳೆದಿದ್ದ ಹಳೆಯ ಅಂಕಿಗೆ ಒಂದೆರಡು ಮಾರು ಸೇರಿಸಿ ಬರೆದೆ — ನಂಬುವ ಹಾಗಿರಲೆಂದು. ಆ ಲೆಕ್ಕದಲ್ಲಿ ಹಿಮ ಹೆಚ್ಚು ಸರಿದೇ ಇರಲಿಲ್ಲ.

ಕಾಲಲ್ಲಿ ನಡೆದು ಅಳೆದದ್ದು ನಿಜವೋ, ಆಕಾಶದ ಫೋಟೋ ನಿಜವೋ ಎಂದು ಸಾಹೇಬರು ನಿಮ್ಮನ್ನು ಹಂಗಿಸಿದರು. ಆಗಲಾದರೂ ನಾನು ನಿಜ ಹೇಳಬಹುದಿತ್ತು — ಇಲ್ಲ. ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವಂತೆ ನಿಮ್ಮ ಕೈ ಹಿಡಿದೆ.

"ಶೇಖರಣ್ಣಾ, ನೀವೊಂದಿಷ್ಟು ಇಳೀರಿ, ಸಾಹೇಬ್ರು ಒಂದಿಷ್ಟು ಏರತಾರ. ನಡುವಿನ ಅಂಕಿಗೆ ಮುರದ ಬಿಡೂಣ."

"ಇದೇನ ಎತ್ತೇನೋ ಮಾರಾಯಾ? ಹಿಮದ ಜೋಡಿ ಚೌಕಾಶಿ ಮಾಡತೀಯಲ್ಲೋ!" ನಕ್ಕಿರಿ. ಗೆರೆ ಬದಲಿಸಲಿಲ್ಲ. ಮೊಂಡ ಎಂದು ನಿಮ್ಮನ್ನು ಕೆಲಸದಿಂದ ತೆಗೆದರು.

ಈಗ ಭಾಗ್ಯನಗರದಲ್ಲಿ ಮನೆಗಳ ನಕ್ಷೆ ಬರೆಯುತ್ತೀರಿ. ಮೊನ್ನೆ ನನ್ನ ಹೊಸ ಅಂಗಡಿಯ ಅಳತೆ ಚೀಟಿ ಕೊಟ್ಟಾಗ ನೀವು ಎದ್ದು ಬಂದು ನೋಡಲಿಲ್ಲ. "ನೀ ಹಿಡದ ಅಳತಿ ಅಲ್ಲೇನು? ಮತ್ತ್ಯಾಕ ನೋಡಬೇಕು. ಆವತ್ತೂ ನಿಂದ ಖರೇ ಇತ್ತು. ನನ್ನ ಕಣ್ಣ ತಪ್ಪಿತ್ತು" ಎಂದಿರಿ.

ಇಷ್ಟು ವರ್ಷ — ಹಾಗೇ ನಂಬಿಕೊಂಡು!

ಸಂತೆಗೆ ಹೊಸದಾಗಿ ಬಂದವರಿಗೆ ಬುದ್ಧಿ ಹೇಳುವುದು ನನ್ನ ಚಾಳಿ: ದರದಲ್ಲಿ ನಡುವಿಗೆ ಬನ್ನಿ ಎಂದು. ಅಳತೆಯಲ್ಲಿ ನಡುವಿಲ್ಲ. ಅದನ್ನು ನಿಮ್ಮಿಂದ ಕಲಿತೂ ಬಾಯಿ ಬಿಡಲಿಲ್ಲ.

ನಿಮ್ಮ ಕಣ್ಣು ತಪ್ಪಿರಲಿಲ್ಲ, ಅಣ್ಣ. ಸಾಹೇಬರ ಕಚೇರಿಗೂ ಇದನ್ನೇ ಬರೆದು ಸಹಿ ಹಾಕಿ ಕಳಿಸಿದ್ದೇನೆ. ಅಂಗಡಿಯ ಚೀಟಿ ಹರಿದುಬಿಡಿ. ಟೇಪು ನೀವೇ ಓದಿ. ಬಾಗಿಲ ಬಳಿಯ ತುದಿ ಹಿಡಿದು ನಾನು ನಿಂತಿರುತ್ತೇನೆ — ನೀವು ಬಂದರೆ.