ನಾಲ್ಕು–ಎರಡರಲ್ಲಿ ನಿಂತ ಆಟ

ಹೋದ ತಿಂಗಳು ನಮ್ಮ ಶಾಲೆಗೆ ಆಟದ ಸಾಮಾನಿನ ಪೆಟ್ಟಿಗೆ ಬಂತು. ನಾನು ಕಲಿಸುವುದು ಅಕ್ಕಲಕೋಟೆ ತಾಲೂಕಿನ ಸಣ್ಣ ಕನ್ನಡ ಶಾಲೆಯಲ್ಲಿ; ಮಕ್ಕಳ ಕ್ರಿಕೆಟ್ಟಿಗೆಂದು ಕಳಿಸಿದ ಟೆನಿಸ್ ಚೆಂಡುಗಳು ಅದರಲ್ಲಿದ್ದವು. ಉದ್ದನೆಯ ಡಬ್ಬಿಯೊಂದರ ತಗಡಿನ ಮುಚ್ಚಳಕ್ಕೆ ಬೆರಳು ಹಾಕಿ ಎಳೆದೆ. ಬಿಗಿಹಿಡಿದ ಉಸಿರು ಬಿಟ್ಟಂತೆ ಸದ್ದಾಗಿ, ಹೊಸ ರಬ್ಬರಿನ, ಉಣ್ಣೆಯ ವಾಸನೆ ಎದ್ದುಬಂತು. ಮಕ್ಕಳು ಚೆಂಡಿಗಾಗಿ ಕೈಚಾಚಿ ನಿಂತಿದ್ದರು. ನಾನು ಡಬ್ಬಿಯನ್ನು ಅವರ ಕೈಗೆ ಕೊಟ್ಟು ಕೋಣೆಯೊಳಗೆ ಹೋದೆ.

ಆ ವಾಸನೆ ನಮ್ಮ ಮನೆಯ ವಾಸನೆಯಾಗಿತ್ತು. ಅಪ್ಪ ವಾಗದರಿ ಎಂಬ ಹಳ್ಳಿಯಿಂದ ಸೊಲ್ಲಾಪುರಕ್ಕೆ ಬಂದು ಒಂದು ಕ್ಲಬ್ಬಿನ ಟೆನಿಸ್ ಕೋರ್ಟುಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದಿದ್ದ. ಕೋರ್ಟಿನ ಹಿಂದೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ನಮ್ಮ ಬದುಕಿನ ಮೇಲೆಲ್ಲ ಕೋರ್ಟಿನ ಕೆಂಪು ಮಣ್ಣಿನ ತೆಳ್ಳನೆಯ ಪದರ ಇರುತ್ತಿತ್ತು. ಅವ್ವ ಬಟ್ಟೆ ಹಿಂಡಿದರೆ ಕೆಂಪು ನೀರು ಇಳಿಯುತ್ತಿತ್ತು. ಶೇಂಗಾ ಹಿಂಡಿಯ ಡಬ್ಬಿಯ ಮೇಲೆ, ನನ್ನ ಪಾಟಿಚೀಲದ ಮೇಲೆ, ದೇವರ ಫೋಟೋದ ಗಾಜಿನ ಮೇಲೆ ಅದೇ ಧೂಳು. ಬೆಳಗಾಗುವ ಮೊದಲೇ ಅಪ್ಪ ನೀರು ಹೊಡೆದು, ರೋಲರ್ ಎಳೆದು, ಗೋಣಿತಟ್ಟಿನಿಂದ ನೆಲ ಸವರುತ್ತಿದ್ದ. ಆಮೇಲೆ ಒಂದು ಸಣ್ಣ ಸುತ್ತಿಗೆ ಹಿಡಿದು, ಗೆರೆಗಳಾಗಿ ಬಡಿದಿದ್ದ ಬಿಳಿ ಪ್ಲಾಸ್ಟಿಕ್ ಪಟ್ಟಿಗಳ ಗುಂಟ ಕುಕ್ಕರಗಾಲಿನಲ್ಲಿ ಸರಿಯುತ್ತ, ಬಿಸಿಲಿಗೆ ಮೇಲೆದ್ದ ಮೊಳೆಗಳನ್ನು ಒಂದೊಂದಾಗಿ ಕೂರಿಸುತ್ತಿದ್ದ. ಆ ಟಕ್ ಟಕ್ ಸದ್ದಿಗೆ ನಾವು ಏಳುತ್ತಿದ್ದೆವು.

ಅಣ್ಣ ಮಲ್ಲಿನಾಥ ನನಗಿಂತ ಆರು ವರ್ಷ ದೊಡ್ಡವನು. ಕ್ಲಬ್ಬಿನ ಡಾಕ್ಟರೊಬ್ಬರು ಹಳೆಯ ರಾಕೆಟ್ಟೊಂದನ್ನು ಅವನಿಗೆ ಕೊಟ್ಟಾಗಿನಿಂದ ನಮ್ಮ ಮನೆಯ ಹಿಂಗೋಡೆಗೆ ನೆಮ್ಮದಿ ಇರಲಿಲ್ಲ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರೆ ಅವನು ಹೊರಗೆ ಚೆಂಡು ಬಡಿಯುತ್ತಿದ್ದ. ಆಟದ ಲೆಕ್ಕ ಅವ್ವನಿಗೆ ತಿಳಿಯುತ್ತಿರಲಿಲ್ಲ, ಆದರೆ ಗೋಡೆಯ ಸದ್ದು ಕೇಳಿಯೇ ಇವತ್ತು ಅವನಿಗೆ ಮನಸ್ಸಿಲ್ಲ ಎಂದು ಹೇಳುತ್ತಿದ್ದಳು. ಇಪ್ಪತ್ತು ದಾಟುವ ಹೊತ್ತಿಗೆ ಅವನನ್ನು ಸೋಲಿಸುವವರು ಊರಲ್ಲಿ ಉಳಿಯಲಿಲ್ಲ. ಪುಣೆಗೆ, ಇಂದೂರಿಗೆ ಹೋಗಿ ದೊಡ್ಡ ಪಂದ್ಯಾವಳಿಗಳ ಅರ್ಹತಾ ಸುತ್ತಿನಲ್ಲಿ ಆಡಿ, ಸೋತು, ಕಣ್ಣು ಕೆಂಪಗೆ ಮಾಡಿಕೊಂಡು ರೈಲಿಳಿದು ಬರುತ್ತಿದ್ದ. ಅವನಿಗೆ ಬೇಕಾಗಿದ್ದುದು ಒಂದೇ ಒಂದು ಅಂಕ. ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ಆ ಅಂಕ ಸಿಗುತ್ತಿತ್ತು, ಜಗತ್ತಿನ ಆಟಗಾರರ ಪಟ್ಟಿಯ ಕೊನೆಯಲ್ಲೆಲ್ಲೋ ಅವನ ಹೆಸರು ಸೇರುತ್ತಿತ್ತು. ಸಾವಿರದಾಚೆಯ ಸ್ಥಾನವಾದರೂ ಚಿಂತೆಯಿಲ್ಲ, ಹೆಸರು ಇರಬೇಕು ಎನ್ನುತ್ತಿದ್ದ.

ಒಂದು ಚಳಿಗಾಲ ಗಂಡಸರ ಸಿಂಗಲ್ಸ್ ಪಂದ್ಯಾವಳಿ ನಮ್ಮ ಕೋರ್ಟಿಗೇ ಬಂತು. ಅಪ್ಪ ಇಪ್ಪತ್ತು ದಿನ ಮಣ್ಣು ಜರಡಿ ಹಿಡಿದು ನೆಲ ಕಟ್ಟಿದ. ಅಣ್ಣ ಅರ್ಹತಾ ಸುತ್ತಿನ ಎರಡೂ ಪಂದ್ಯ ಗೆದ್ದು ಮುಖ್ಯ ಸುತ್ತಿಗೆ ಬಂದ. ಆ ಬೆಳಿಗ್ಗೆ ಅಪ್ಪ ಎಂದಿನಂತೆ ಖಾಕಿ ಚಡ್ಡಿ ಹಾಕಿಕೊಂಡು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳ ಕೈಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಿತ್ತು.

"ಇವತ್ತೊಂದಿನ ನೀವು ಅಲ್ಲಿ ಕೆಲಸದವರಲ್ರಿ, ಅವನ ಅಪ್ಪ. ಖುರ್ಚಿ ಮ್ಯಾಲ ಕುಂತು ನೋಡ್ರಿ."

ಅಪ್ಪ ನಾಚಿಕೊಂಡ. ಕ್ಲಬ್ಬಿನವರೂ ಒಪ್ಪಿ, ಆ ದಿನದ ಕೆಲಸಕ್ಕೆ ಬೇರೊಬ್ಬನನ್ನು ಹಾಕಿದರು. ಅಷ್ಟು ವರ್ಷ ಆ ಕೋರ್ಟಿನಂಚಿನಲ್ಲಿ ನಿಂತೇ ಇದ್ದ ಮನುಷ್ಯ ಅಂದು ಮೊದಲ ಬಾರಿ ಕೂತ. ಪ್ಲಾಸ್ಟಿಕ್ ಖುರ್ಚಿಯ ತುದಿಯಲ್ಲಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಬೇರೆಯವರ ಮನೆಗೆ ಬಂದವನ ಹಾಗೆ.

ಎದುರಾಳಿ ನಮ್ಮ ಅಣ್ಣನಿಗಿಂತ ಒಂದು ಗೇಣು ಎತ್ತರದ ಪರದೇಶದವನು. ಮೊದಲ ಸೆಟ್ಟನ್ನು ಅಣ್ಣ ಆರು–ನಾಲ್ಕರಿಂದ ಗೆದ್ದ. ಎರಡನೆಯದನ್ನು ಮೂರು–ಆರರಿಂದ ಬಿಟ್ಟ. ಮೂರನೆಯದರಲ್ಲಿ ಅವನ ಕಾಲಿಗೆ ರೆಕ್ಕೆ ಬಂದಂತಿತ್ತು, ನಾಲ್ಕು–ಎರಡರಿಂದ ಮುಂದಿದ್ದ. ಇನ್ನೆರಡು ಗೇಮ್ ಸಾಕಿತ್ತು. ಅವ್ವ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಬಲಮೂಲೆಗೆ ಬಂದ ಚೆಂಡಿಗೆ ಅಣ್ಣ ಜಾರುತ್ತ ಹೋದ. ಪಕ್ಕದ ಗೆರೆಯ ಪಟ್ಟಿ ಒಂದು ಕಡೆ ಎದ್ದಿತ್ತು. ಕಾಲು ಅದಕ್ಕೆ ಸಿಕ್ಕಿ ಪಾದ ಅಲ್ಲೇ ಉಳಿಯಿತು, ಮೈ ಮುಂದೆ ಹೋಯಿತು. ಅವನು ಬಿದ್ದ ರೀತಿಯಲ್ಲೇ ನನಗೆ ಗೊತ್ತಾಯಿತು, ಏಳುವುದಿಲ್ಲವೆಂದು. ಅಪ್ಪ ಓಡಿದ. ಆದರೆ ಮಗನ ಹತ್ತಿರ ಹೋಗುವ ಮೊದಲು ಅವನ ಕಣ್ಣು ಪಟ್ಟಿಯ ಮೇಲೆ ಬಿತ್ತು. ಅಲ್ಲೇ ಕುಕ್ಕರಿಸಿ, ಎದ್ದ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತತೊಡಗಿದ. ಬಿಳಿ ಅಂಗಿಯ ತೋಳು ಕೆಂಪಾಯಿತು.

ಮರುದಿನ ಮರಾಠಿ ಪತ್ರಿಕೆಯಲ್ಲಿ ಫಲಿತಾಂಶಗಳ ನಡುವೆ ಒಂದು ಸಾಲು ಬಂತು. ಎದುರಾಳಿಯ ಹೆಸರು ಮೊದಲು, ಆಮೇಲೆ ಅಣ್ಣನದು, ಅಂಕಗಳು, ಕೊನೆಗೆ ಗಾಯದಿಂದ ನಿವೃತ್ತಿ ಎಂಬ ಮಾತು. ಅಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆಮೇಲಿನ ಫಲಿತಾಂಶಗಳನ್ನೂ ಹುಡುಕಿ ಓದಿದ. ಅಣ್ಣನನ್ನು ಹಿಂದೆ ಬಿಟ್ಟು ಮುಂದೆ ಹೋದವನು ಪ್ರಶಸ್ತಿಯನ್ನಾದರೂ ಗೆಲ್ಲಲಿ ಎಂಬ ಆಸೆ ಅವನಿಗೆ. ಆ ಪರದೇಶದವನು ಮುಂದಿನ ಸುತ್ತಿನಲ್ಲೇ ಆರು–ಒಂದು, ಆರು–ಸೊನ್ನೆಯಿಂದ ಸೋತ. ಅಷ್ಟು ಸಮಾಧಾನವೂ ನಮಗೆ ದಕ್ಕಲಿಲ್ಲ. ಅಪ್ಪ ಪತ್ರಿಕೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡ.

"ನಾ ಕುಂದರಬಾರದಿತ್ತು" ಎಂದ. ಆ ಕುರಿತು ಅವನು ಆಡಿದ್ದು ಅದೊಂದೇ ಮಾತು.

ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಅಣ್ಣ ನಡೆದ, ಆದರೆ ಮತ್ತೆಂದೂ ಓಡಲಿಲ್ಲ. ಕೆಲವು ದಿನ ಕ್ಲಬ್ಬಿನ ಮಕ್ಕಳಿಗೆ ಕಲಿಸಿದ, ಆಮೇಲೆ ರಾಕೆಟ್ಟನ್ನು ಯಾರಿಗೋ ಕೊಟ್ಟು ಅಕ್ಕಲಕೋಟೆಯಲ್ಲಿ ಯಾತ್ರಿಕರು ತಂಗುವ ಲಾಡ್ಜೊಂದರ ಕೌಂಟರಿಗೆ ಸೇರಿದ. ಅಪ್ಪ ಮಾತ್ರ ಅದೇ ಕೋರ್ಟಿನಲ್ಲಿ ಉಳಿದ. ಮೊಳೆಗಳನ್ನು ಬೆಳಿಗ್ಗೆಯಷ್ಟೇ ಅಲ್ಲ, ಮಧ್ಯಾಹ್ನ, ಸಂಜೆ, ಆಟದ ನಡುವೆಯೂ ನೋಡಲು ಹೋಗಿ ಬೈಸಿಕೊಳ್ಳುತ್ತಿದ್ದ. ಮದುವೆ ಮನೆಯಲ್ಲಿ ಯಾರಾದರೂ ಖುರ್ಚಿ ಸರಿಸಿದರೆ ಬೇಡವೆಂದು ಗೋಡೆಗೊರಗಿ ನಿಲ್ಲುತ್ತಿದ್ದ. ಅವ್ವ ತಾನು ಕೊಟ್ಟ ಅಂಗಿಯನ್ನು ನೆನೆದು ಕೊರಗಿ ಕೊರಗಿ ಅವನಿಗಿಂತ ಮೊದಲೇ ಹೋದಳು. ಅಪ್ಪನೂ ಹೋದ ಮೇಲೆ ಮನೆ ಕೆಡವಿದರು. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ, ಕೋರ್ಟು ನೀಲಿ ಸಿಮೆಂಟಿನದಾಗಿದೆ.

ಅಪ್ಪನ ವರ್ಷಾಂತಿಕ ಮುಗಿದ ಮೇಲೆ ಅಣ್ಣನನ್ನು ಕಾಣಲು ಲಾಡ್ಜಿಗೆ ಹೋಗಿದ್ದೆ. ಮಧ್ಯಾಹ್ನ, ಯಾತ್ರಿಕರು ಕಡಿಮೆ. ಕೌಂಟರಿನ ಹಿಂದೆ ಕಾಲು ನೀಡಿ ಕೂತಿದ್ದ. ಅಪ್ಪನ ಮಾತು ಬಂತು. ಚಹಾ ಮುಗಿಸಿದ ಮೇಲೆ, ನನ್ನ ಕಡೆ ನೋಡದೆ ಹೇಳಿದ.

"ಆ ಪಟ್ಟಿ ಎದ್ದಿದ್ದು ನಾ ನೋಡಿದ್ದೆ, ಸುಮಿ. ಮೂರನೇ ಸೆಟ್ ಚಾಲೂ ಆಗೂ ಮೊದಲ."

ಮತ್ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಅವತ್ತ ಕೆಲಸಕ್ಕ ಹಾಕಿದ್ದ ಹೊಸಬಗ ಹೇಳಿದ್ರ ಅಂವ ಅಪ್ಪನ್ನ ಕರೀತಿದ್ದ. ಅಪ್ಪ ಬಿಳಿ ಅಂಗಿ ಹಾಕ್ಕೊಂಡು ಸಾಹೇಬರ ಜೋಡಿ ಕುಂತಿದ್ದ. ಅಷ್ಟು ಮಂದಿ ಮುಂದ ಅವನ ಕೈಯಾಗ ಮೊಳಿ ಬಡಿಯೂ ಹಾತೋಡಿ ಕೊಟ್ಟು ಎಬ್ಬಸಾಕ ನನ್ನ ಜೀವ ಒಪ್ಪಲಿಲ್ಲ. ಕಾಲ ತಪ್ಪಿಸಿ ಆಡಿದ್ರಾತು ಅನಕೊಂಡೆ."

ಇಷ್ಟು ವರ್ಷ ಅಪ್ಪನಿಗೇಕೆ ಹೇಳಲಿಲ್ಲ ಎಂಬುದನ್ನೂ ಅವನೇ ಹೇಳಿದ. ದಿನಾ ಹೇಳಬೇಕಂತಿದ್ದೆ, ಹೇಳಿದರೆ ತಾನು ಕೂತದ್ದೇ ತಪ್ಪಾಯಿತೆಂದು ಅಪ್ಪ ಇನ್ನಷ್ಟು ಒದ್ದಾಡುತ್ತಿದ್ದ ಎಂದ. ಅಷ್ಟರಲ್ಲಿ ನಾಂದೇಡದ ಕಡೆಯ ಕುಟುಂಬವೊಂದು ಚೀಲಗಳೊಂದಿಗೆ ಒಳಬಂತು. ಅಣ್ಣ ಕೌಂಟರನ್ನು ಹಿಡಿದು ಎದ್ದ, ಮರಾಠಿಯಲ್ಲಿ ಎಷ್ಟು ಮಂದಿ ಎಂದು ವಿಚಾರಿಸಿದ, ಕೀಲಿ ತೆಗೆದುಕೊಂಡು ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರುತ್ತ ಅವರನ್ನು ಮೇಲೆ ಕರೆದೊಯ್ದ. ನಾನು ಎಸ್‌ಟಿ ಬಸ್ಸು ಹಿಡಿದು ಮರಳಿದೆ. ಕಿಟಕಿಯಾಚೆ ಜೋಳದ ಕೂಳೆ ನಿಂತ ಹೊಲಗಳು ಸರಿಯುತ್ತಿದ್ದವು. ಅಣ್ಣನ ಮಾತನ್ನು ಯಾರಿಗಾದರೂ ಮುಟ್ಟಿಸಬೇಕೆಂದು ಮನಸ್ಸು ತವಕಿಸುತ್ತಿತ್ತು. ಅದನ್ನು ಕೇಳಬೇಕಾದವರು ನಮ್ಮ ಮನೆಯಲ್ಲಿ ಒಬ್ಬರೂ ಉಳಿದಿರಲಿಲ್ಲ.