ಜಗಲಿಯ ಕ್ಯಾಮೆರಾ ಇಳಿಸಿದ್ದು

ಕಾಪುವಿನ ನಮ್ಮ ಮನೆಗೆ ಕ್ಯಾಮೆರಾ ಹಾಕಿಸಿದ್ದು ದುಬೈಯಲ್ಲಿರುವ ಮಾವ, ಅಮ್ಮನ ಅಣ್ಣ. ಕಳ್ಳರ ಭಯಕ್ಕೆ ಎಂದರು. ಗೇಟಿಗೆ ಒಂದು, ಹಿತ್ತಲಿಗೆ ಒಂದು, ಜಗಲಿಗೆ ಒಂದು. ಜಗಲಿಯದಕ್ಕೆ ಸ್ಪೀಕರ್ ಕೂಡ ಇತ್ತು.

ನಮ್ಮ ಕಡೆ ಮಲ್ಲಿಗೆ ಮೊಗ್ಗನ್ನು ಅರಳುವ ಮೊದಲೇ ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವವರ ಕಟ್ಟೆಗೆ ಕಳಿಸಬೇಕು. ಪಕ್ಕದ ಮನೆಯ ಅಕ್ಕನೂ ತಮ್ಮ ಮನೆಯ ಮೊಗ್ಗು ತಂದು ಅಮ್ಮನ ಜೊತೆ ಜಗಲಿಯಲ್ಲಿ ಕೂರುತ್ತಿದ್ದರು. ಕೈ ಓಡಬೇಕಾದರೆ ಬಾಯಿಯೂ ಓಡಬೇಕು. ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ಮಾವನ ಧ್ವನಿ ಬಂತಂತೆ: "ಎಂತ, ಬೆಳಿಗ್ಗೆಯೇ ಪಂಚಾತಿಗೆಯಾ? ಅವರಿಗೆ ಅವರ ಮನೆ ಇಲ್ವಾ?"

ಅಕ್ಕ ಬುಟ್ಟಿ ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ಅಮ್ಮ ಹೂವನ್ನು ಅಡಿಗೆಮನೆಗೆ ಒಯ್ದರು. ಅಲ್ಲಿನ ಬಿಸಿಗೆ ಮೊಗ್ಗು ಬೇಗ ಬಿರಿಯುತ್ತದೆ. ಬಿರಿದದ್ದನ್ನು ಕಟ್ಟೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಮಣಿಪಾಲದಿಂದ ನಾನು ಶನಿವಾರ ಬಂದಾಗ ಇದೆಲ್ಲ ಗೊತ್ತಾಯಿತು. ಸೇಡು ತೀರಿಸಬೇಕಾದರೆ ಮೊದಲು ಮ್ಯಾನುವಲ್ ಓದಬೇಕು.

ಓದಿದೆ. ಮಾವ ಮಾಡಿದ ತಪ್ಪು ಗಲ್ಫ್‌ನಲ್ಲಿರುವವರೇ ಮಾಡುವಂಥದ್ದು. ಅವರ ಅಲ್ಲಿಯ ನಂಬರಿಗೆ ಒಟಿಪಿ ಬಾರದ್ದರಿಂದ ಕ್ಯಾಮೆರಾ ಆಪ್‌ನ ಖಾತೆಯನ್ನು ಅಮ್ಮನ ನಂಬರಿನಲ್ಲಿ ತೆರೆದಿದ್ದರು. "ಬಂದ ಅಂಕಿ ಓದಿ ಹೇಳು, ಆಮೇಲೆ ಮರೆತುಬಿಡು" ಎಂದು ಅಮ್ಮನಿಗೆ ಹೇಳಿದ್ದರು. ಒಟಿಪಿ ಯಾರಿಗೆ ಬರುತ್ತದೋ ಮನೆಯ ಯಜಮಾನರು ಅವರೇ. ಮನೆಗೆ ಏನೇ ಹಾಕಿಸುವವರೂ ಇದನ್ನು ಮೊದಲು ತಿಳಿದಿರಬೇಕು. ಅಮ್ಮ ಅಂಕಿ ಓದಿದರು, ನಾನು ಪಾಸ್‌ವರ್ಡ್ ಬದಲಿಸಿದೆ. ಮಾವನ ಫೋನು ಖಾತೆಯಿಂದ ಹೊರಗೆ ಬಿತ್ತು.

ಆಮೇಲೆ ನನ್ನ ಹಳೆಯ ಲ್ಯಾಪ್‌ಟಾಪನ್ನು ಸರ್ವರ್ ಮಾಡಿದೆ. ಉಬ್ಬಿದ ಬ್ಯಾಟರಿಯನ್ನು ತೆಗೆದುಹಾಕಿದೆ. ಕಡಲಗಾಳಿಯ ಉಪ್ಪು ತಾಗದಂತೆ ಒಳಕೋಣೆಯ ಕಪಾಟಿನಲ್ಲಿಟ್ಟೆ, ಬಾಗಿಲು ಮಾತ್ರ ತೆರೆದು, ಗಾಳಿಯಾಡಲಿ ಎಂದು. ಗೇಟಿನ ಕ್ಯಾಮೆರಾ ಇಂಟರ್ನೆಟ್ಟಿಗೆ ಹೋಗದಂತೆ ರೂಟರಿನಲ್ಲೇ ತಡೆದೆ. ಅದು ಕಂಡದ್ದು ಆ ಲ್ಯಾಪ್‌ಟಾಪಿನಲ್ಲಿ, ಮನೆಯಲ್ಲೇ ಉಳಿಯುತ್ತದೆ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು ಅಮ್ಮನ ಅಭ್ಯಾಸ. ಬೈಯಲಿಲ್ಲ. ಚಿಕ್ಕ ಯುಪಿಎಸ್ ತಂದು, ಲ್ಯಾಪ್‌ಟಾಪ್ ಆರಿಸಲು ಮೊದಲು ಒತ್ತಬೇಕಾದ ಗುಂಡಿಗೆ ಕೆಂಪು ಟೇಪು ಅಂಟಿಸಿ, ಆಮೇಲೆ ನೆಟ್‌ವರ್ಕ್ ಕೇಬಲ್ಲನ್ನೂ ಕೀಳಲು ಕಲಿಸಿದೆ. ಸಿಡಿಲು ಅದರಲ್ಲೂ ಬರುತ್ತದೆ.

ಹಿತ್ತಲಿನ ಕ್ಯಾಮೆರಾವನ್ನು ಮಾತ್ರ ಹಳೆಯ ಆಪ್‌ನಲ್ಲಿ ಬಿಟ್ಟು ಕೋಳಿಗೂಡಿನ ಕಡೆ ತಿರುಗಿಸಿದೆ. ಏನು ಅಲುಗಿದರೂ ಎಚ್ಚರಿಕೆ ಹೋಗುವಂತೆ ಮಾಡಿ, ಅದನ್ನು ಮಾವನೊಂದಿಗೆ ಹಂಚಿದೆ.

ಮರುದಿನವೇ ಮಾವನ ಫೋನ್ ಬಂತು. "ಎಂತ ಮಾರಾಯ್ತಿ ಇದು? ಮೀಟಿಂಗಿನಲ್ಲಿ ಕೂತರೆ ಟಿಂಗ್ ಟಿಂಗ್! ನೋಡಿದರೆ ಕೋಳಿ!"

"ಶಬ್ದ ಬಂದ್ ಮಾಡಿಬಿಡಿ ಮಾವ."

"ಕಳ್ಳ ಬಂದರೆ?"

"ಅದೂ ಹೌದಲ್ವಾ," ಎಂದೆ.

ಜಗಲಿಯ ಕ್ಯಾಮೆರಾವನ್ನು ಸ್ಕ್ರೂ ಬಿಚ್ಚಿ ಇಳಿಸಿ, ಅಕ್ಕನ ಮನೆಗೆ ಒಯ್ದು ಅವರ ಕೈಯಲ್ಲೇ ಇಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು. "ಇದರೊಳಗೆಯಾ ನಿನ್ನ ಮಾವ ಇದ್ದದ್ದು? ಇಷ್ಟೇ ಉಂಟಾ!" ನಕ್ಕರು. ಆದರೆ ಬರುತ್ತೇನೆ ಎನ್ನಲಿಲ್ಲ. "ಹೇಳಿದ ಮಾತು ತಂತಿಯಲ್ಲಿ ಇರುವುದಿಲ್ಲ ಮಗಾ" ಎಂದರು.

ಅಮ್ಮ ಜಗಲಿಗೆ ಮರಳಿದ್ದಾರೆ, ಒಬ್ಬರೇ. ಮೊಗ್ಗು ಬಿರಿಯುವುದಿಲ್ಲ ಈಗ, ಆದರೆ ಕೈ ಮೊದಲಿನಂತೆ ಓಡುವುದಿಲ್ಲ.

ಮೊನ್ನೆ ಅವರೇ ಹೇಳಿದರು, "ಕೋಳಿ ಮರಿ ಮಾಡಿದೆ. ಪಾಪ, ಅಣ್ಣನ ಫೋನಿನ ಟಿಂಗ್ ಟಿಂಗ್ ನಿಲ್ಲುತ್ತಲೇ ಇಲ್ಲವಂತೆ. ಬಿಟ್ಟುಬಿಡು."

"ಅಕ್ಕನಿಗೆ ಫೋನ್ ಮಾಡಿ ತಪ್ಪಾಯಿತು ಎನ್ನಲಿ. ಅಂದೇ ನಿಲ್ಲಿಸುತ್ತೇನೆ."

"ಅವನು ಅಷ್ಟು ಸುಲಭಕ್ಕೆ ಹೇಳುವವನಲ್ಲ."

"ನನಗೆ ಅವಸರವಿಲ್ಲ."

ಅಕ್ಕನ ನಂಬರನ್ನು ಅಂದೇ ಮಾವನಿಗೆ ಕಳಿಸಿದೆ. ಅವರು ನೋಡಿದ್ದಾರೆ, ನೀಲಿ ಗುರುತು ಬಿದ್ದಿದೆ. ಅಕ್ಕನ ಮನೆಗೆ ಇನ್ನೂ ಫೋನ್ ಹೋಗಿಲ್ಲ.