ಭಾಗಿಯ ಮೊದಲ ಮಾತು

ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಬಾಲವಾಡಿ ಮುಚ್ಚುವ ಹಂತಕ್ಕೆ ಬಂದದ್ದು ನನ್ನ ಮಂಗಾಟದಿಂದ. ಇದನ್ನು ಊರಿನ ನಿಮಗೆಲ್ಲ ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲವಾದರೆ ನಮ್ಮ ಹೋಟೆಲಿನವರು ಯಾರಾದರೂ ರಜೆಯಲ್ಲಿ ಊರಿಗೆ ಬಂದು ಹೇಳುತ್ತಾರೆ, ಅದೂ ನನ್ನದೇ ದನಿ ತೆಗೆದು. ಎಲ್ಲರನ್ನೂ ಅಣಕಿಸಿ ತಿರುಗುವವನಿಗೆ ಅಷ್ಟು ಶಿಕ್ಷೆ ಇರಬೇಕಾದದ್ದೇ. ಆದರೂ ಅವರು ನನ್ನ ಮೂಗಿನ ದನಿಯನ್ನು ಸರಿಯಾಗಿ ಮಾಡುವುದಿಲ್ಲ.

ನಾನು ಉಡುಪಿಯಿಂದ ಬಂದು ಇಲ್ಲಿ ಇಳಿದ ಮೊದಲ ಬೆಳಿಗ್ಗೆ ಕಂಡದ್ದು ಒಂದು ಅರ್ಧ ಕಟ್ಟಿದ ಕಟ್ಟಡ. ಅದರ ಕೆಳಗಿನ ಕಾಂಕ್ರೀಟು ಕಂಬಕ್ಕೆ ಹಳೇ ಸೀರೆಯ ತುಂಡಿನಿಂದ ಒಂದು ಮಗುವನ್ನು ಕಟ್ಟಿಹಾಕಿದ್ದರು. ಸೊಂಟಕ್ಕೆ ಗಂಟು, ಕಂಬಕ್ಕೆ ಗಂಟು, ನಡುವೆ ಒಂದು ಮಾರು ಬಟ್ಟೆ. ನಮ್ಮಲ್ಲಿ ಕರುವನ್ನು ಹಾಗೆ ಕಟ್ಟುತ್ತಾರೆ. ನಾನು ಟ್ರಂಕು ಹೊತ್ತವನು ಅಲ್ಲಿಯೇ ನಿಂತೆ. ಕರೆದೊಯ್ಯಲು ಬಂದಿದ್ದ ಹೋಟೆಲಿನ ದಣಿ, ಕಟ್ಟದಿದ್ದರೆ ಅದು ಸುಣ್ಣದ ಗುಂಡಿಗೆ ಬೀಳುತ್ತದೆ, ಬೇಗ ನಡೆ, ಇಡ್ಲಿಗೆ ಜನ ಕಾಯುತ್ತಿದ್ದಾರೆ ಎಂದರು. ನಡೆದೆ. ಒಂದು ವಾರ ಆ ಕಂಬದ ಕಡೆ ನೋಡುತ್ತಾ ಹೋದೆ. ಆಮೇಲೆ ಅದು ರಸ್ತೆಯ ದೀಪದ ಕಂಬದ ಹಾಗೆ ಆಯಿತು. ಇದ್ದದ್ದು ಗೊತ್ತು, ಕಾಣುವುದಿಲ್ಲ.

ಇಲ್ಲಿ ಹೀಗೇ ಆಗುತ್ತದೆ. ಮೊದಲು ಖೋಲಿ, ಅಂದರೆ ಬಾಡಿಗೆ ಕೋಣೆ, ಅದರಲ್ಲಿ ಎಂಟು ಜನ ಸಾಲಾಗಿ ಮಲಗುವುದು ಸೋಜಿಗ. ಆಮೇಲೆ ಒಬ್ಬ ಊರಿಗೆ ಹೋದರೆ ಪಕ್ಕ ಖಾಲಿ ಎಂದು ನಿದ್ದೆ ಬರುವುದಿಲ್ಲ. ಮೊದಲು ಲೋಕಲ್ ರೈಲಿನಲ್ಲಿ ಬಾಗಿಲಿಗೆ ಜೋತುಬಿದ್ದವರನ್ನು ಕಂಡರೆ ಎದೆ ಧಸಕ್ ಎನ್ನುತ್ತದೆ. ಆಮೇಲೆ ನಾವೂ ಜೋತು ಬೀಳುತ್ತೇವೆ. ಅಮ್ಮನಿಗೆ ಕಾಗದ ಬರೆಯುವಾಗ ಚೆನ್ನಾಗಿದ್ದೇನೆ ಎಂದೇ ಬರೆಯುತ್ತಿದ್ದೆ. ಸುಳ್ಳೇನಲ್ಲ. ಚೆನ್ನಾಗಿಲ್ಲ ಎನ್ನಲು ಏನಾದರೂ ಅನ್ನಿಸಬೇಕಲ್ಲ.

ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದದ್ದು ಅಣಕ ಒಂದೇ. ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಸಾರುವ ಹೆಂಗಸು, ದಣಿಯ ಕೆಮ್ಮು, ಚಟ್ನಿ ಎರಡನೇ ಸಲ ಕೇಳುವ ಗಿರಾಕಿಯ ನಾಚಿಕೆ, ಎಲ್ಲ ನನ್ನ ಗಂಟಲಲ್ಲಿ ಇದ್ದವು. ಅದನ್ನು ಕೇಳಿಯೇ ಸುಲಭಾತಾಯಿ ನನ್ನನ್ನು ಹಿಡಿದದ್ದು. ಇಲ್ಲಿ ತಾಯಿ ಎಂದರೆ ಅಕ್ಕ. ಈಕೆ ಮರಾಠಿಯವರು, ಹೋಟೆಲಿನ ಹಿಂದೆ ಗಣಪತಿ ಮಂಡಳದ ಕೋಣೆಯಲ್ಲಿ ಬಾಲವಾಡಿ ನಡೆಸುತ್ತಿದ್ದರು. ಕಟ್ಟಡದ ಕೆಲಸಕ್ಕೆ ಗುಲ್ಬರ್ಗದ ಕಡೆಯಿಂದ ಬಂದವರ ಮಕ್ಕಳು ಅಲ್ಲಿಗೆ ಬರುತ್ತಿದ್ದವು. ತಾಯಿಗೆ ಕನ್ನಡ ಇಲ್ಲ, ಮಕ್ಕಳಿಗೆ ಮರಾಠಿ ಇಲ್ಲ, ಮಕ್ಕಳು ಸಂಜೆಯವರೆಗೆ ಅಳುವುದೇ ಪಾಠ. ಟಿಫಿನ್ ಮುಗಿದು ಊಟ ಶುರುವಾಗುವ ನಡುವಿನ ಬಿಡುವಿನಲ್ಲಿ ಬಂದು ಅವಕ್ಕೆ ಅರ್ಥವಾಗುವಂತೆ ಏನಾದರೂ ಹೇಳು ಎಂದರು. ದಣಿ, "ಹೋಗು ಮಾರಾಯ, ಇಲ್ಲಿದ್ದರೆ ನನ್ನನ್ನೇ ಅಣಕಿಸ್ತಿ" ಎಂದು ಕಳಿಸಿದರು.

ಹೋಗಿ ಮೇಷ್ಟ್ರ ಠೀವಿಯಲ್ಲಿ, ಮಕ್ಕಳೇ, ಎಲ್ಲರೂ ಕುಳಿತುಕೊಳ್ಳಿ ಎಂದೆ. ಅಳು ನಿಂತಿತು. ಒಬ್ಬ ಪೋರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಅಣ್ಣಾ ರೇಡಿಯೋ ಮಾತಾಡ್ತಾನ" ಎಂದ. ಅಲ್ಲಿಗೆ ನನ್ನ ಕನ್ನಡದ ಹೆಮ್ಮೆ ಇಳಿಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ಇಲ್ಲಿ ಅರೆಬೆಂದ ಹಿಂದಿ. ಆ ಮಕ್ಕಳ ಪಾಲಿಗೆ ನಾನೂ ಪರದೇಶಿಯೇ.

ತಾಯಿ ಕಲಿಸುತ್ತಿದ್ದದ್ದು ನನಗೆ ಮೊದಲು ನಗೆಯ ವಿಷಯ. ಕೈ ತೊಳೆದುಕೊಳ್ಳುವುದು, ಸಾಲಿನಲ್ಲಿ ನಿಲ್ಲುವುದು, ಪಕ್ಕದ ಮಗುವನ್ನು ಹೆಸರು ಹಿಡಿದು ಕರೆಯುವುದು. ಇದಕ್ಕೊಂದು ಶಾಲೆಯೇ ಎಂದು ಅವರನ್ನೂ ಅಣಕಿಸುತ್ತಿದ್ದೆ. ಊರಲ್ಲಿ ನಮಗೆ ಇದನ್ನು ಯಾರು ಕಲಿಸಿದರು ಎಂದು ಯೋಚಿಸಿದರೆ ಯಾರೂ ಅಲ್ಲ, ಎಲ್ಲರೂ. ಅಜ್ಜಿ, ಆಚೆಮನೆಯ ದೊಡ್ಡಮ್ಮ, ಮೀನು ಮಾರಲು ಬರುವವಳು, ಎಲ್ಲರೂ ನಮ್ಮ ಜೊತೆ ಮಾತಾಡುತ್ತಲೇ ಇದ್ದರು. ಇಲ್ಲಿ ಅಷ್ಟು ಜನರ ಕೆಲಸವನ್ನು ಒಬ್ಬಳು ಹೆಂಗಸು ಒಂದು ಚಾಪೆ ಹಾಸಿಕೊಂಡು ಮಾಡಬೇಕು.

ಮೂಲೆಯಲ್ಲಿ ಒಂದು ಹುಡುಗಿ ಕೂರುತ್ತಿತ್ತು. ಅಳುತ್ತಿರಲಿಲ್ಲ, ಆಡುತ್ತಿರಲಿಲ್ಲ, ಬಾಯಿ ಬಿಡುತ್ತಿರಲಿಲ್ಲ. ಹೆಸರು ಭಾಗಿ. ನಾಲ್ಕರ ಹತ್ತಿರದ ಪ್ರಾಯ. ನಾನು ಮೊದಲ ದಿನ ಕಂಡ ಕಂಬದ ಮಗು ಅದೇ. ಅವಳ ಅವ್ವ ಶರಣಮ್ಮ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ದಿನವಿಡೀ ಮೆಟ್ಟಿಲು ಹತ್ತುವವಳು. ಮಗಳು ಮೂಗಿಯೇ ಇರಬೇಕೆಂದು ಒಪ್ಪಿಕೊಂಡುಬಿಟ್ಟಿದ್ದಳು.

ಒಂದು ದಿನ ನಾನು ಮಕ್ಕಳಿಗೆ ದನಿಗಳ ಆಟ ಆಡಿಸುತ್ತಿದ್ದೆ. ಬೆಕ್ಕು, ಗಾಡಿ, ಕುಕ್ಕರು. ಭಾಗಿಯ ಮುಂದೆ ಕೂತು ನೀನು ಎಂದೆ. ಅದು ಸೊಂಟದ ಮೇಲೆ ಕೈ ಇಟ್ಟು, ಒಂದು ಸಲ ಕ್ಯಾಕರಿಸಿ, ದಪ್ಪ ದನಿಯಲ್ಲಿ ಹೇಳಿತು:

"ಏ ಉಠಾ ಉಠಾ. ನಿಮ್ಮಪ್ಪನ ಮನೀ ಏನಿದು?"

ಅದು ಮುಕಾದಮನ ದನಿ. ಮುಕಾದಮ ಎಂದರೆ ಕೂಲಿಯವರ ಮೇಸ್ತ್ರಿ. ಈತ ಸಿದ್ದಪ್ಪ, ಬಿಜಾಪುರದ ಕಡೆಯವನು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೂಗುತ್ತಿದ್ದ; ಉಠಾ ಎಂದರೆ ಎತ್ತು. ಕ್ಯಾಕರಿಕೆ ಸಹಿತ ತಪ್ಪಿರಲಿಲ್ಲ. ನಾನು ನೆಲಕ್ಕೆ ಬಿದ್ದು ನಕ್ಕೆ. ತಾಯಿ ನಗಲಿಲ್ಲ. ಮಗುವನ್ನು ಮಡಿಲಿಗೆ ಎಳೆದುಕೊಂಡರು. ಆ ದಿನದಿಂದ ಭಾಗಿ ಮಾತಾಡತೊಡಗಿದಳು. ಮೊದಲು ಮುಕಾದಮನ ಮಾತು, ಆಮೇಲೆ ತಾಯಿಯ ಹಾಡು, ಆಮೇಲೆ ಪಕ್ಕದವನ ಹೆಸರು ಹಿಡಿದು, ಮಲ್ಲ್ಯಾ ನೀರು ಕೊಡು.

ಅಷ್ಟಕ್ಕೆ ನಾನು ಬಿಡಬೇಕಿತ್ತು. ಕಲಾವಿದ ಬಿಡುತ್ತಾನೆಯೇ. ಆಗಸ್ಟ್ ಹದಿನೈದರ ಬಾವುಟದ ದಿನ ಅವ್ವ ಅಪ್ಪಂದಿರೆಲ್ಲ ಬರುತ್ತಾರೆ ಎಂದು ಭಾಗಿಗೆ ಒಂದು ತುಂಡು ಕೋಲು ಕೊಟ್ಟು, ತಲೆಗೆ ಟವೆಲು ಸುತ್ತಿ ಮುಕಾದಮನ ವೇಷ ತಯಾರು ಮಾಡಿದೆ. ತಾಯಿ ಬೇಡವೆಂದರು. ನಾನು ಕೇಳಲಿಲ್ಲ. ಭಾಗಿ ಮುಂದೆ ಬಂದು, ಕೋಲು ಬೀಸಿ, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಕೂಲಿಯವರು ಬಿದ್ದು ಬಿದ್ದು ನಕ್ಕರು. ಶರಣಮ್ಮ ಬಾಯಿಗೆ ಸೆರಗು ಒತ್ತಿ ಹಿಂದೆ ನಿಂತಿದ್ದಳು. ಬಾಗಿಲಲ್ಲಿ ಸಿದ್ದಪ್ಪ ನಿಂತಿದ್ದ. ಅದನ್ನು ನಾನು ಎಲ್ಲರಿಗಿಂತ ಕೊನೆಗೆ ನೋಡಿದೆ.

ಮರುದಿನ ಅವನು ಕೂಗಲಿಲ್ಲ. ಮೆತ್ತಗೆ ಹೇಳಿದನಂತೆ. ಮಕ್ಕಳನ್ನು ಬಿಡಲು, ಕರೆತರಲು ಹೋಗಿ ಹೆಂಗಸರು ಹೊತ್ತು ಕಳೆಯುತ್ತಾರೆ, ಬಾಲವಾಡಿ ಬೇಕಾದವರು ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ. ಅಷ್ಟೇ. ಚಾಪೆ ಖಾಲಿಯಾಯಿತು. ತಾಯಿ ಬಾಗಿಲು ತೆಗೆದು ಒಬ್ಬರೇ ಕೂತಿರುತ್ತಿದ್ದರು. ಮಕ್ಕಳೇ ಬಾರದ ಕೋಣೆಯನ್ನು ಮಂಡಳದವರು ಎಷ್ಟು ದಿನ ಬಿಟ್ಟುಕೊಟ್ಟಾರು? ನನ್ನನ್ನು ತಾಯಿ ಬೈಯಲಿಲ್ಲ, ಬೈದಿದ್ದರೆ ಅದನ್ನಾದರೂ ಅಣಕಿಸಬಹುದಿತ್ತು.

ಕಟ್ಟಡದ ಕೆಳಗೆ ಭಾಗಿ ಮತ್ತೆ ಅದೇ ಕಂಬದಲ್ಲಿ ಇದ್ದಳು. ನಾನು ಬೆಕ್ಕಿನ ದನಿ ತೆಗೆದೆ. ನನ್ನನ್ನು ನೋಡಿದಳು, ತುಟಿ ಬಿಗಿದುಕೊಂಡಳು. ನನಗೆ ದುಃಖ ಬರಬೇಕಿತ್ತು. ಬರಲಿಲ್ಲ. ನಡೆದು ಹೋಗಿ ಎಂಟು ಮಸಾಲೆ ದೋಸೆಯ ಆರ್ಡರು ಕೂಗಿದೆ. ದಣಿ ತಲೆ ಎತ್ತಿ ನೋಡಿದರು. ಕೂಗಿದ್ದು ಸಿದ್ದಪ್ಪನ ದನಿಯಲ್ಲಿ. ಬೇಕೆಂದು ಮಾಡಿದ್ದಲ್ಲ.

ಅದಾದ ಮೇಲೆ ತಾಯಿಯೇ ನನ್ನನ್ನು ಕರೆದುಕೊಂಡು ಕಟ್ಟಡಕ್ಕೆ ಹೋದರು. ಕ್ಷಮೆ ಕೇಳಲು ನನಗೆ ಒಂದು ದನಿ ಬೇಕಿತ್ತು, ಯಾವುದನ್ನು ತೆಗೆದರೂ ಯಾರದೋ ಆಗುತ್ತಿತ್ತು. ತಪ್ಪು ನನ್ನದು, ಕೂಸನ್ನು ಬಿಡಿ ಎಂದು ಹೇಗೋ ಹೇಳಿದೆ. ಸಿದ್ದಪ್ಪ ನನ್ನತ್ತ ತಿರುಗಲೂ ಇಲ್ಲ. ಬುಟ್ಟಿ ಇಳಿಸಿ ನಿಂತಿದ್ದ ಶರಣಮ್ಮನನ್ನು ಕೇಳಿದ:

"ಅಲ್ಲಿ ಏನ್ ಕಲಿಸ್ತಾರ ಇದಕ್ಕ? ದೊಡ್ಡವರನ್ನ ಅಣಕಸೂದು? ಇದಽ ಏನ ಸಾಲಿ ಅಂದ್ರ?"

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬಾಲವಾಡಿ ಈಗಲೂ ನಡೆಯುತ್ತಿದೆ, ನಾನು ಈಗಲೂ ಬಿಡುವಿನಲ್ಲಿ ಹೋಗುತ್ತೇನೆ. ಆ ಕಟ್ಟಡ ಮುಗಿದು ಶರಣಮ್ಮನವರು ಅಂಬರನಾಥದ ಕೆಲಸಕ್ಕೆ ಹೋದರು, ಅಲ್ಲಿಯೂ ಭಾಗಿಗೆ ಒಂದು ಬಾಲವಾಡಿ ಹುಡುಕಿಕೊಂಡಿದ್ದಾರಂತೆ. ಕಳೆದ ಮೇಯಲ್ಲಿ ಅಣ್ಣನ ಮದುವೆಗೆ ನಾನು ಊರಿಗೆ ಬಂದಾಗ ನೀವೆಲ್ಲ ಸುತ್ತ ಕೂತು ಮುಂಬಯಿ ತೋರಿಸು ಎಂದಿರಿ. ತೋರಿಸಿದೆ, ನಕ್ಕಿರಿ. ಆಮೇಲೆ ಅಮ್ಮ ಒಳಗೆ ಕರೆದು, ಇನ್ನು ನಿನ್ನ ದನಿಯಲ್ಲಿ ಮಾತಾಡು ಎಂದಳು. ಅದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಇಲ್ಲಿ ನನ್ನನ್ನು ಉಡುಪಿಯ ಅಣ್ಣಾ ಎನ್ನುತ್ತಾರೆ, ಅಲ್ಲಿ ಬೊಂಬಾಯಿಯವ ಎನ್ನುತ್ತೀರಿ. ಎರಡು ಕಡೆಯೂ ನಾನು ಬೇರೆ ಕಡೆಯವರ ಅಣಕ.

ಒಂದು ದನಿ ಮಾತ್ರ ನನಗೆ ಇಂದಿಗೂ ಬಂದಿಲ್ಲ. ಖೋಲಿಯಲ್ಲಿ ಯಾರೂ ಇಲ್ಲದಾಗ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಏರಿಳಿತವಿಲ್ಲ, ಹಿಡಿಯಲು ಏನೂ ಇಲ್ಲ. ಆ ದಿನ ಕಟ್ಟಡದಲ್ಲಿ ಅದನ್ನು ಕೇಳಿದ ಸಿದ್ದಪ್ಪ ಕಂಬವನ್ನು ಒಮ್ಮೆ ನೋಡಿ ಇಟ್ಟಿಗೆಯ ರಾಶಿಯ ಕಡೆ ಹೋದ. ಮರುದಿನದಿಂದ ಯಾರ ಮಗುವನ್ನೂ ತಡೆಯಲಿಲ್ಲ. ಆದ್ದರಿಂದ ಅಣಕಿಸದೆ, ಶರಣಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ:

"ನಿಮ್ಮ ಮಾತು ಅಕಿ ಸಾಲ್ಯಾಗ ಕಲ್ತಿಲ್ರೀ. ಇಲ್ಲೇ, ಈ ಕಂಬಕ್ಕ ಕಟ್ಟಿದಾಗ ಕಲ್ತಾಳ. ಮತ್ತ ಕಟ್ಟಂದ್ರ ಕಟ್ತೀನಿ, ಉಳಿದದ್ದೂ ಕಲೀತಾಳ."